ಸೆಲ್ಫ್ ತಿರುಗುವ ಸದ್ದು ಬರುತ್ತದೆ, ಇಂಜಿನ್ ಮಾತ್ರ ಅಲ್ಲಾಡುವುದಿಲ್ಲ

ಅಡಿಕೆತೋಟ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮ್ಯಾನುಯಲ್ ಗೇರ್. 1 ಲಕ್ಷದ 18 ಸಾವಿರ ಕಿಲೋಮೀಟರ್ ಓಡಿದೆ. ಹದಿನೈದು ದಿನದಿಂದ ಸೆಲ್ಫ್ ತೊಂದರೆ ಕೊಡುತ್ತಿದೆ.

ಬೆಳಿಗ್ಗೆ ಕೀ ತಿರುಗಿಸಿದರೆ ಮೊದಲು ಒಂದು 'ಟಕ್', ಆಮೇಲೆ 'ಗುಂಯ್ಯ್' ಅಂತ ಮೋಟಾರ್ ಒಂದೇ ಜೋರಾಗಿ ತಿರುಗುವ ಸದ್ದು. ಮಿಕ್ಸಿಯಲ್ಲಿ ಖಾಲಿ ಜಾರ್ ತಿರುಗಿಸಿದ ಹಾಗೆ. ಇಂಜಿನ್ ಒಂಚೂರೂ ಅಲ್ಲಾಡುವುದಿಲ್ಲ. ನಾಲ್ಕೈದು ಸಲ ಪ್ರಯತ್ನ ಮಾಡಿದ ಮೇಲೆ ಯಾವಾಗಲೋ ಒಂದು ಸಲ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ತಕ್ಷಣ ಸ್ಟಾರ್ಟ್. ಒಮ್ಮೆ ಇಂಜಿನ್ ಬಿಸಿಯಾದರೆ ಇಡೀ ದಿನ ಏನೂ ತಕರಾರಿಲ್ಲ. ಮಳೆ ಹಿಡಿದು ಚಳಿ ಇರುವ ದಿನ ಜಾಸ್ತಿ.

ಗ್ಯಾರೇಜಿನವರು ಮೊದಲು ಬ್ಯಾಟರಿ ವೀಕ್ ಅಂದರು. ಹೊಸದು ಹಾಕಿಸಿದೆ. ಮರುದಿನ ಬೆಳಿಗ್ಗೆ ಅದೇ ಸದ್ದು. ಈಗ ಇಡೀ ಸೆಲ್ಫ್ ಮೋಟಾರ್ ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ಹಾಕಿಸಲು ನನಗೆ ಬೇಜಾರಿಲ್ಲ, ಆದರೆ ಅದೂ ಬ್ಯಾಟರಿ ಥರ ಆದರೆ? ಅಮ್ಮನನ್ನು ಪ್ರತಿ ಮಂಗಳವಾರ ಶಿವಮೊಗ್ಗಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು, ಹೋದ ವಾರ ಪಕ್ಕದ ಮನೆ ಹುಡುಗರು ಮಳೆಯಲ್ಲಿ ನೆನೆದುಕೊಂಡು ತಳ್ಳಿಕೊಟ್ಟರು. ಈಗ ರಾತ್ರಿ ಕಾರನ್ನು ಅಂಗಳದ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದೇನೆ, ಚಕ್ರಕ್ಕೆ ಕಲ್ಲು ಕೊಟ್ಟು. ಬೆಳಿಗ್ಗೆ ಹಿಡಿಯದಿದ್ದರೆ ಉರುಳಿಸಿ ಸೆಕೆಂಡ್ ಗೇರಲ್ಲಿ ಸ್ಟಾರ್ಟ್ ಮಾಡಬಹುದಲ್ಲ ಅಂತ.

ಹೊಸ ಸೆಲ್ಫ್ ತರುವ ಮೊದಲು ತೊಂದರೆ ನಿಜವಾಗಿ ಎಲ್ಲಿದೆ ಅಂತ ತಿಳಿಯುವುದು ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ವೈಂಡಿಂಗ್ ಅಂಗಡಿ (ದಾವಣಗೆರೆ):

ಸರ್, ನೀವು ಸದ್ದನ್ನು ಸರಿಯಾಗಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ನಾನು 22 ವರ್ಷದಿಂದ ಸೆಲ್ಫ್, ಆಲ್ಟರ್ನೇಟರ್ ರಿಪೇರಿ ಮಾಡುತ್ತಿದ್ದೇನೆ. ಬರುವವರೆಲ್ಲ 'ಸೆಲ್ಫ್ ತಗೊಳ್ತಿಲ್ಲ' ಅಂತ ಒಂದೇ ಮಾತು ಹೇಳುತ್ತಾರೆ. ಅದರೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆ ಇರುತ್ತವೆ. ಸದ್ದೇ ಬರದಿರುವುದು ಒಂದು. ಒಂದೇ ಒಂದು 'ಟಕ್' ಅಂದು ಸುಮ್ಮನಾಗುವುದು ಒಂದು. 'ಕಟಕಟಕಟ' ಅಂತ ಬಡಿದುಕೊಳ್ಳುವುದು ಇನ್ನೊಂದು. ನಿಮ್ಮದು ನಾಲ್ಕನೆಯದು, ಮೋಟಾರ್ ತಿರುಗುತ್ತದೆ, ಆ ತಿರುಗು ಇಂಜಿನ್‌ಗೆ ತಲುಪುವುದಿಲ್ಲ.

ಒಳಗೆ ಏನು ನಡೆಯುತ್ತದೆ ನೋಡಿ. ಕೀ ತಿರುಗಿಸಿದಾಗ ಸೆಲ್ಫ್ ಮೇಲೆ ಕೂತಿರುವ ಸೊಲೆನಾಯ್ಡ್‌ಗೆ ಕರೆಂಟ್ ಬರುತ್ತದೆ. ಅದರೊಳಗಿನ ಕಬ್ಬಿಣದ ಗೂಟ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಗೂಟದ ತುದಿಗೆ ಒಂದು ಫೋರ್ಕ್ ಇದೆ, ಅದು ಪಿನಿಯನ್ ಅನ್ನುವ ಚಿಕ್ಕ ಗೇರನ್ನು ಮುಂದಕ್ಕೆ ತಳ್ಳಿ ಇಂಜಿನ್ ಜೊತೆ ತಿರುಗುವ ಫ್ಲೈವೀಲ್ ಅನ್ನುವ ದೊಡ್ಡ ಚಕ್ರದ ಅಂಚಿನಲ್ಲಿರುವ ರಿಂಗ್ ಗೇರ್ ಹಲ್ಲಿಗೆ ಕೂರಿಸುತ್ತದೆ. ಗೂಟ ಪೂರ್ತಿ ಹಿಂದಕ್ಕೆ ಬಂದ ಮೇಲೆಯೇ ಅದರ ಬೆನ್ನಿಗಿರುವ ತಾಮ್ರದ ಬಿಲ್ಲೆ ಎರಡು ದಪ್ಪ ಬೋಲ್ಟುಗಳನ್ನು ಸೇರಿಸುತ್ತದೆ, ಆಗ ಮೋಟಾರ್‌ಗೆ ಕರೆಂಟ್. ಅಂದರೆ ಮೊದಲು ಹಲ್ಲು, ಆಮೇಲೆ ತಿರುಗು.

ಈಗ ನಿಮ್ಮದಕ್ಕೆ ಬನ್ನಿ. ಟಕ್ ಅಂದಿದೆ, ಅಂದರೆ ಸೊಲೆನಾಯ್ಡ್ ಎಳೆದಿದೆ. ಮೋಟಾರ್ ಜೋರಾಗಿ ತಿರುಗಿದೆ, ಅಂದರೆ ಬಿಲ್ಲೆ ಸರಿಯಾಗಿ ಕೂತಿದೆ, ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಸರಿಯಿದೆ, ತಂತಿ ಸುತ್ತಿದ ತಿರುಗುವ ಭಾಗ ಅಂದರೆ ಆರ್ಮೇಚರ್ ಸರಿಯಿದೆ. ಬ್ಯಾಟರಿ ಮೊದಲೇ ಸರಿಯಿತ್ತು ಅಂತ ನನಗನಿಸುತ್ತದೆ, ವೀಕ್ ಬ್ಯಾಟರಿಯಲ್ಲಿ ಮೋಟಾರ್ 'ಗುಂಯ್' ಅಂತ ಅಷ್ಟು ವೇಗ ಹಿಡಿಯುವುದಿಲ್ಲ. ಅದನ್ನು ಬದಲಾಯಿಸಿದ್ದು ನೋಡಿ ಬೇಸರವಾಯಿತು.

ಉಳಿದಿರುವುದು ಮೂರೇ. ಬೆಂಡಿಕ್ಸ್ ಜಾರುತ್ತಿರಬಹುದು, ಫೋರ್ಕ್ ಮುರಿದಿರಬಹುದು, ಇಲ್ಲ ರಿಂಗ್ ಗೇರ್ ಹಲ್ಲು ಸವೆದಿರಬಹುದು. ಫೋರ್ಕ್ ಮುರಿದಿದ್ದರೆ ಬಿಸಿಯಾದ ಮೇಲೂ ಕೈಕೊಡಬೇಕಿತ್ತು. ಹಲ್ಲು ಸವೆದಿದ್ದರೆ 'ಕರ್ರ್' ಅಂತ ಕಬ್ಬಿಣ ತಿನ್ನುವ ಸದ್ದು ಬರಬೇಕು. ನನ್ನ ಅನುಮಾನ ಬೆಂಡಿಕ್ಸ್ ಮೇಲೆ.

ಬೆಂಡಿಕ್ಸ್ ಅಂದರೆ ಪಿನಿಯನ್ ಜೊತೆ ಬರುವ ಒಂದು ಕಡೆಗೆ ಮಾತ್ರ ಹಿಡಿಯುವ ಕ್ಲಚ್. ಇಂಜಿನ್ ಸ್ಟಾರ್ಟ್ ಆದ ಕ್ಷಣ ಫ್ಲೈವೀಲೇ ಪಿನಿಯನ್ ಅನ್ನು ತಿರುಗಿಸಲು ಶುರು ಮಾಡುತ್ತದೆ. ಪಿನಿಯನ್ ಹತ್ತು ಸುತ್ತಿಗಿಂತ ಜಾಸ್ತಿ ಸುತ್ತಿದರೆ ಫ್ಲೈವೀಲ್ ಒಂದು ಸುತ್ತು. ಅದನ್ನು ತಿರುಗಿಸಿ ಲೆಕ್ಕ ಹಾಕಿ, ಇಂಜಿನ್ ನಿಮಿಷಕ್ಕೆ 1000 ಸುತ್ತಿಗೆ ಬಂದರೆ ಪಿನಿಯನ್ 10,000 ದಾಟುತ್ತದೆ. ಆ ವೇಗ ಆರ್ಮೇಚರ್‌ಗೆ ಹೋದರೆ ತಂತಿಯೆಲ್ಲ ಕಿತ್ತು ಹೊರಗೆ ಬರುತ್ತದೆ. ಅದಕ್ಕೇ ನಡುವೆ ಈ ಕ್ಲಚ್. ಒಳಗೆ ಚಿಕ್ಕ ರೋಲರ್‌ಗಳು, ಅವುಗಳ ಹಿಂದೆ ಸ್ಪ್ರಿಂಗ್. ಒಳಗಿನ ಗ್ರೀಸ್ ಹಳತಾಗಿ ಗಟ್ಟಿಯಾದರೆ, ಸ್ಪ್ರಿಂಗ್ ಸೋತರೆ, ಚಳಿಯಲ್ಲಿ ರೋಲರ್ ಹೋಗಿ ಕಚ್ಚುವ ಜಾಗಕ್ಕೆ ಕಚ್ಚುವುದಿಲ್ಲ. ಪಿನಿಯನ್ ಹಲ್ಲಿನಲ್ಲಿ ಕೂತೇ ಇರುತ್ತದೆ, ಮೋಟಾರ್ ಶಾಫ್ಟ್ ಅದರೊಳಗೆ ಸುಮ್ನೆ ತಿರುಗುತ್ತದೆ. ಬೆಳಿಗ್ಗೆ ಮಾತ್ರ ಬಂದು ಆಮೇಲೆ ಸರಿಹೋಗುವುದು ಇದರ ಗುರುತು.

ಸೆಲ್ಫ್ ಬಿಚ್ಚಿಸಿ, ಪಿನಿಯನ್ ಅನ್ನು ಬೆರಳಲ್ಲಿ ತಿರುಗಿಸಿ ನೋಡಿ. ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಗಪ್ಪನೆ ನಿಲ್ಲಬೇಕು. ಎರಡೂ ಕಡೆ ತಿರುಗಿದರೆ ಬೆಂಡಿಕ್ಸ್ ಹೋಗಿದೆ. ಕೈಯಲ್ಲಿ ನಿಂತು, ಇಂಜಿನ್ ಭಾರ ಬಿದ್ದಾಗ ಜಾರುವ ಬೆಂಡಿಕ್ಸ್ ಕೂಡ ಇರುತ್ತವೆ, ಹಾಗಾಗಿ ಹತ್ತು ಸಲವಾದರೂ ತಿರುಗಿಸಿ ನೋಡಿ. ಸುಮಾರು ಮಾಡೆಲ್‌ಗಳಿಗೆ ಬೆಂಡಿಕ್ಸ್ ಬಿಡಿಯಾಗಿ ಸಿಗುತ್ತದೆ. ಇಡೀ ಸೆಲ್ಫ್ ಬೇಡ.

ಘಟ್ಟದ ಕೆಳಗೆ (ಕುಂದಾಪುರ):

ಮೇಲಿನವರು ಹೇಳಿದ್ದು ಸರಿ, ಆದರೆ ರಿಂಗ್ ಗೇರನ್ನು ಅಷ್ಟು ಬೇಗ ಬಿಡಬೇಡಿ. ನನಗೆ ಅದರಲ್ಲೇ ಪೆಟ್ಟು ಬಿದ್ದಿದ್ದು. ಎರಡು ಸಲ ಸೆಲ್ಫ್ ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ ಗೊತ್ತಾಯಿತು, ಸವೆದಿದ್ದು ಎದುರಿನ ಹಲ್ಲು.

ಇಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಒಂದು ಪಿಸ್ಟನ್ ಗಾಳಿ ಒತ್ತುವ ಕಡೆ ತಡೆ ಸಿಕ್ಕಿ ನಿಲ್ಲುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ ಹೆಚ್ಚಾಗಿ ಎರಡೇ ಜಾಗದಲ್ಲಿ, ಎದುರುಬದುರಾಗಿ ನಿಲ್ಲುತ್ತದೆ. ಮೂರು ಸಿಲಿಂಡರ್ ಆದರೆ ಮೂರು ಜಾಗ. ಹಾಗಾಗಿ ಪ್ರತಿ ದಿನ ಪಿನಿಯನ್ ಹೊಡೆಯುವುದು ಅದೇ ಹತ್ತಾರು ಹಲ್ಲುಗಳಿಗೆ. ಉಳಿದ ಹಲ್ಲು ಹೊಸದರ ಹಾಗೇ ಇರುತ್ತವೆ, ಈ ಎರಡು ಕಡೆ ಮಾತ್ರ ಚೂಪಾಗಿ ಸವೆದಿರುತ್ತವೆ.

ಬಿಚ್ಚದೆ ನೋಡುವ ಒಂದು ದಾರಿ ಇದೆ. ಬೆಳಿಗ್ಗೆ ಹಿಡಿಯಲಿಲ್ಲ ಅಂದುಕೊಳ್ಳಿ. ಕೀ ಪೂರ್ತಿ ಆಫ್ ಮಾಡಿ ಹೊರಗೆ ತೆಗೆಯಿರಿ. ಸಮ ನೆಲದಲ್ಲಿ ಕಾರನ್ನು ನಾಲ್ಕನೆಯ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದಡಿ ಮುಂದಕ್ಕೆ ತಳ್ಳಿ. ಇಂಜಿನ್ ಸ್ವಲ್ಪ ತಿರುಗಿ ಹೊಸ ಹಲ್ಲು ಎದುರಿಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ ಕೀ ತಿರುಗಿಸಿ. ಪ್ರತಿ ಸಲ ಹೀಗೆ ತಳ್ಳಿದ ತಕ್ಷಣ ಹಿಡಿದುಕೊಂಡರೆ ರಿಂಗ್ ಗೇರ್. ತಳ್ಳಿದರೂ ಅದೇ 'ಗುಂಯ್' ಆದರೆ ಬೆಂಡಿಕ್ಸ್. ರಿಂಗ್ ಗೇರ್ ಆದರೆ ಗೇರ್‌ಬಾಕ್ಸ್ ಇಳಿಸಬೇಕು, ದೊಡ್ಡ ಕೆಲಸ, ಹೇಗೂ ಇಳಿಸಿದಾಗ ಕ್ಲಚ್ ಪ್ಲೇಟೂ ನೋಡಿಸಿಬಿಡಿ.

ಇಳಿಜಾರಿನಲ್ಲಿ ದಿನಾ ಉರುಳಿಸಿ ಸ್ಟಾರ್ಟ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಒಂದೆರಡು ಸಲ ತಪ್ಪಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ. ಅದು ಹಾಳಾದರೆ ಸೆಲ್ಫ್‌ಗಿಂತ ದುಬಾರಿ. ಇನ್ನೊಂದು, ಇಂಜಿನ್ ಆಫ್ ಇದ್ದಾಗ ಬ್ರೇಕ್ ಗಟ್ಟಿಯಾಗುತ್ತದೆ. ಅಮ್ಮನನ್ನು ಒಳಗೆ ಕೂರಿಸಿಕೊಂಡು ಇಳಿಜಾರಲ್ಲಿ ಉರುಳಿಸುವುದಂತೂ ಬೇಡ.

ಸ್ಪ್ಯಾನರ್ 12 (ಹಾಸನ):

ಸ್ಕ್ರೂಡ್ರೈವರ್‌ನಿಂದ ಸೆಲ್ಫ್‌ನ ಎರಡು ಬೋಲ್ಟ್ ಶಾರ್ಟ್ ಮಾಡಿ ನೋಡಿ, ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ಎಲ್ಲರೂ ಹಾಗೇ ಮಾಡುತ್ತಾರೆ.

ವೈಂಡಿಂಗ್ ಅಂಗಡಿ (ದಾವಣಗೆರೆ):

ಅಣ್ಣಾ, ದಯವಿಟ್ಟು ಇದನ್ನು ಯಾರಿಗೂ ಹೇಳಿಕೊಡಬೇಡಿ. ಟ್ರ್ಯಾಕ್ಟರಿನಲ್ಲಿ ಹೀಗೆ ಮಾಡಿ ಪ್ರಾಣ ಕಳೆದುಕೊಂಡವರು ಇದ್ದಾರೆ. ಗಾಡಿ ಗೇರಲ್ಲಿ ಇದ್ದರೆ ಶಾರ್ಟ್ ಮಾಡಿದ ಕ್ಷಣ ಹಾರುತ್ತದೆ, ಮಾಡುವವನು ನಿಂತಿರುವುದು ಚಕ್ರದ ಮುಂದೆಯೇ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಸ್ವಿಚ್ ಇಟ್ಟಿರುವುದು ಇದಕ್ಕೇ, ಶಾರ್ಟ್ ಮಾಡಿದರೆ ಆ ಸ್ವಿಚ್ ಲೆಕ್ಕಕ್ಕಿಲ್ಲ. ಅದೂ ಅಲ್ಲದೆ ಇವರ ಮೋಟಾರ್ ತಿರುಗುತ್ತಲೇ ಇದೆ. ಶಾರ್ಟ್ ಮಾಡಿದರೂ ಅದೇ ಸದ್ದು ಬರುತ್ತದೆ, ಹೊಸದಾಗಿ ಏನೂ ತಿಳಿಯುವುದಿಲ್ಲ.

ಸ್ಪ್ಯಾನರ್ 12 (ಹಾಸನ):

ಸರಿ ಅಣ್ಣ, ಒಪ್ಪಿದೆ. ಅಷ್ಟು ಯೋಚನೆ ಮಾಡಿರಲಿಲ್ಲ. ಇನ್ನು ಮೇಲೆ ಹೇಳುವುದಿಲ್ಲ.

ಚಾಮುಂಡಿ ಬೆಟ್ಟದ ದಾರಿ (ಮೈಸೂರು):

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿನದು ಮೇಲೆ ಹೇಳಿದ ಎರಡನೇ ಸದ್ದು. ಒಂದೇ 'ಟಕ್', ಆಮೇಲೆ ಏನೂ ಇಲ್ಲ. ಮೂರ್ನಾಲ್ಕು ಸಲ ಮಾಡಿದರೆ ಒಮ್ಮೊಮ್ಮೆ ತುಂಬಾ ನಿಧಾನಕ್ಕೆ ತಿರುಗಿ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಆರು ತಿಂಗಳ ಹಿಂದಿನದು. ಬೆಂಡಿಕ್ಸೇ ಇರಬಹುದಾ? ಮನೆಯಲ್ಲಿ ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ.

ಮೀಟರ್ ಹಿಡಿದವನು (ಹೊಸಪೇಟೆ):

ಮೇಡಂ, ಬೆಂಡಿಕ್ಸ್ ಅಲ್ಲ, ನಿಮ್ಮಲ್ಲಿ ಮೋಟಾರಿಗೆ ಬೇಕಾದಷ್ಟು ಕರೆಂಟೇ ತಲುಪುತ್ತಿಲ್ಲ. ಮಲ್ಟಿಮೀಟರ್ ಇದ್ದರೆ ಒಂದೂ ಬೋಲ್ಟ್ ಬಿಚ್ಚದೆ ಜಾಗ ಹಿಡಿಯಬಹುದು.

ಮೊದಲು ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಬ್ಯಾಟರಿ ಟರ್ಮಿನಲ್ ಸಡಿಲ ಇದೆ, ಇಲ್ಲ ಮೋಟಾರ್ ಜಾಮ್ ಆಗಿ ಕರೆಂಟ್ ಎಳೆಯುತ್ತಿದೆ. ಲೈಟ್ ಹಾಗೇ ಇದ್ದರೆ ಕರೆಂಟ್ ದಾರಿಯಲ್ಲಿ ಎಲ್ಲೋ ತಡೆ ಇದೆ. ಬ್ಯಾಟರಿ ರಾತ್ರಿ ನಿಂತ ಮೇಲೆ 12.6 ವೋಲ್ಟ್ ತೋರಿಸಿದರೆ ಫುಲ್, 12.2 ಅಂದರೆ ಅರ್ಧ. ಇಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು.

ಆಮೇಲೆ ಮುಖ್ಯವಾದ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೆ. ಕ್ಲ್ಯಾಂಪ್ ಮೇಲೆ ಅಲ್ಲ, ಸೀಸದ ಕಂಬದ ಮೇಲೆಯೇ ಇಡಿ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ. ಯಾರಾದರೂ ಕೀ ತಿರುಗಿಸಲಿ. 0.2, ಜಾಸ್ತಿ ಅಂದರೆ 0.3 ವೋಲ್ಟ್ ಬರಬೇಕು. ಒಂದು ವೋಲ್ಟ್ ದಾಟಿದರೆ ಅರ್ಥ್, ಅಂದರೆ ಇಂಜಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಬರುವ ದಾರಿ, ಕೆಟ್ಟಿದೆ. ಹೀಗೇ ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ ಅಳೆಯಿರಿ, 0.5 ಒಳಗಿರಬೇಕು. ನೂರಕ್ಕಿಂತ ಜಾಸ್ತಿ ಆಂಪಿಯರ್ ಹರಿಯುವ ಜಾಗ ಇದು, ಕಣ್ಣಿಗೆ ಕಾಣದಷ್ಟು ಕಿಲುಬು ಇದ್ದರೂ ಸಾಕು. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಸೀರೆ ಸೆರಗು, ದುಪಟ್ಟಾ ಫ್ಯಾನ್ ಮತ್ತು ಬೆಲ್ಟಿನಿಂದ ದೂರ ಇರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಕೀ ಹಿಡಿಯಬೇಡಿ, ಮಧ್ಯೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಮೋಟಾರ್ ಬಿಸಿಯಾಗುತ್ತದೆ.

ಎರಡೂ ಕಡೆ ಸರಿ ಬಂದರೆ ಕಾರ್ಬನ್ ಸವೆದಿರಬೇಕು, ಇಲ್ಲ ಸೊಲೆನಾಯ್ಡ್ ಬಿಲ್ಲೆ ಸುಟ್ಟಿರಬೇಕು. ಮರದ ತುಂಡಿನಿಂದ ಸೆಲ್ಫ್ ಮೈಗೆ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಅದೇ ಅನುಮಾನ ಗಟ್ಟಿ.

ಚಾಮುಂಡಿ ಬೆಟ್ಟದ ದಾರಿ (ಮೈಸೂರು):

ನೋಡಿದೆ ಸರ್. ಲೈಟ್ ಸ್ವಲ್ಪವೂ ಮಂಕಾಗಲಿಲ್ಲ. ಬ್ಯಾಟರಿ 12.5. ಪ್ಲಸ್ ಕಡೆ 0.2. ಮೈನಸ್‌ನಿಂದ ಇಂಜಿನ್‌ಗೆ 4.1 ವೋಲ್ಟ್! ಮೀಟರ್ ತಪ್ಪು ತೋರಿಸುತ್ತಿದೆ ಅಂದುಕೊಂಡು ಮೂರು ಸಲ ನೋಡಿದೆ, ಅಷ್ಟೇ ಬಂತು. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಹುಡುಕಿದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬೋಲ್ಟ್ ತೆಗೆದು ಪಟ್ಟಿ ಎತ್ತಿದರೆ ಕೆಳಗೆ ಹಸಿರು ಪುಡಿ, ಮುಟ್ಟಿದ ಕೂಡಲೇ ಅರ್ಧದಷ್ಟು ಎಳೆಗಳು ಕೈಗೆ ಬಂದವು. ಇನ್ನೊಂದು ವಿಷಯ, ಕೀ ತಿರುಗಿಸುತ್ತಿದ್ದಾಗ ಕ್ಲಚ್ ಕೇಬಲ್ ಬಿಸಿಯಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮೀಟರ್ ಹಿಡಿದವನು (ಹೊಸಪೇಟೆ):

ಇದೆ ಮೇಡಂ. ಅರ್ಥ್ ಪಟ್ಟಿ ಕಡಿದರೆ ಕರೆಂಟ್ ವಾಪಸ್ ಬರಲು ಸಿಕ್ಕ ದಾರಿ ಹಿಡಿಯುತ್ತದೆ. ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಯಾವುದಾದರೂ ಸರಿ. ತೆಳು ತಂತಿ, ಕಾಯುತ್ತದೆ. ಒಳಗಿನ ಪ್ಲಾಸ್ಟಿಕ್ ಕರಗಿರಬಹುದು, ಪೆಡಲ್ ಬಿಗಿ ಅನಿಸಿದರೆ ಕೇಬಲ್ಲೂ ಬದಲಾಯಿಸಿ. ಹೊಸ ಪಟ್ಟಿ ಹಾಕುವ ಮೊದಲು ಎರಡೂ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಹಳೇ ಗಾಡಿ (ಧಾರವಾಡ):

ಬೆಂಡಿಕ್ಸ್ ಬಗ್ಗೆ ನಮ್ಮ ತಂದೆಯವರಿಂದ ಕೇಳಿದ್ದು ಒಂದು ಇದೆ. ಅವರ ಹತ್ತಿರ ಹಳೇ ಅಂಬಾಸಿಡರ್ ಇತ್ತು. ಸೆಲ್ಫ್ ಹೀಗೆ ಸುಮ್ನೆ ತಿರುಗಿದರೆ ಬಿಚ್ಚಿ, ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಒಣಗಿಸಿ ಹಾಕಿದರೆ ಸರಿ ಆಗುತ್ತಿತ್ತಂತೆ. ಇವರೂ ಹಾಗೆ ಮಾಡಿ ನೋಡಬಹುದಲ್ವಾ?

ವೈಂಡಿಂಗ್ ಅಂಗಡಿ (ದಾವಣಗೆರೆ):

ನಿಮ್ಮ ತಂದೆಯವರು ಮಾಡಿದ್ದು ಆ ಗಾಡಿಗೆ ಸರಿ. ಈ ಗಾಡಿಗೆ ಮಾಡಿದರೆ ಕೆಡುತ್ತದೆ. ಹೆಸರು ಒಂದೇ, ವಸ್ತು ಬೇರೆ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸೆಲ್ಫ್ ಬಂತು. ಅಲ್ಲಿಯ ತನಕ ಮುಂದೆ ನಿಂತು ಹ್ಯಾಂಡಲ್ ಸುತ್ತಬೇಕಿತ್ತು, ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿದುಕೊಂಡವರು ಎಷ್ಟೋ ಜನ. ಅದಾದ ಮೇಲೆ ವಿನ್ಸೆಂಟ್ ಬೆಂಡಿಕ್ಸ್ ಅನ್ನುವವರು ಪಿನಿಯನ್ ತಾನಾಗಿ ಮುಂದೆ ಹೋಗುವ ಉಪಾಯ ತಂದರು. ಶಾಫ್ಟ್ ಮೇಲೆ ಸ್ಕ್ರೂ ಥರ ತೋಡು, ಮೋಟಾರ್ ಗಕ್ಕನೆ ತಿರುಗಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದೆ ಉಳಿದು, ಆ ತೋಡಿನ ಮೇಲೆ ಹತ್ತಿಕೊಂಡು ಮುಂದಕ್ಕೆ ಹೋಗಿ ಹಲ್ಲಿಗೆ ಕೂರುತ್ತದೆ. ಅದಕ್ಕೆ ಸೊಲೆನಾಯ್ಡ್ ತಳ್ಳುವ ಕೆಲಸವೇ ಇಲ್ಲ. ತೋಡಿನಲ್ಲಿ ಗಾಡಿಯ ಕ್ಲಚ್ ಪ್ಲೇಟಿನ ಧೂಳು, ಗ್ರೀಸ್ ಮೆತ್ತಿಕೊಂಡರೆ ಪಿನಿಯನ್ ಹತ್ತುವುದಿಲ್ಲ. ಅದಕ್ಕೇ ತೊಳೆದರೆ ಸರಿ ಹೋಗುತ್ತಿತ್ತು.

ಈಗಿನದು ರೋಲರ್ ಕ್ಲಚ್. ಒಳಗೆ ಕಂಪನಿಯಲ್ಲೇ ತುಂಬಿದ ಗ್ರೀಸ್ ಇರುತ್ತದೆ, ಮತ್ತೆ ತುಂಬಲು ದಾರಿ ಇಲ್ಲ. ಸೀಮೆಎಣ್ಣೆಗೋ ಪೆಟ್ರೋಲಿಗೋ ಅದ್ದಿದರೆ ಆ ಗ್ರೀಸ್ ತೊಳೆದು ಹೋಗುತ್ತದೆ. ನಾಲ್ಕು ದಿನ ಹಿಡಿದುಕೊಳ್ಳಲೂಬಹುದು, ಆಮೇಲೆ ಒಳಗೆ ಒಣಗಿ ತಿಂದುಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಅಡಿಕೆತೋಟ (ತೀರ್ಥಹಳ್ಳಿ):

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದಿನ ಬೆಳಿಗ್ಗೆ ಕುಂದಾಪುರದವರು ಹೇಳಿದ ಹಾಗೆ ನಾಲ್ಕನೇ ಗೇರಲ್ಲಿ ತಳ್ಳಿ ನೋಡಿದೆ. ಮೂರು ದಿನವೂ ತಳ್ಳಿದ ಮೇಲೂ ಅದೇ 'ಗುಂಯ್'. ಹಲ್ಲು ಅಲ್ಲ ಅಂತ ಧೈರ್ಯ ಬಂತು.

ನಿನ್ನೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಕುಳಿತು ಬಿಚ್ಚಿಸಿದೆ. ಮೊದಲು ಬ್ಯಾಟರಿ ಮೈನಸ್ ತೆಗೆದರು, ಆಮೇಲೆ ಎರಡು ವೈರು, ಎರಡು ಬೋಲ್ಟು. ಕೆಳಗಿನ ಬೋಲ್ಟ್ ತುಕ್ಕು ಹಿಡಿದು ಅರ್ಧ ಗಂಟೆ ಸತಾಯಿಸಿತು. ಸೆಲ್ಫ್ ಕೈಗೆ ಬಂದ ಮೇಲೆ ನಾನೇ ಪಿನಿಯನ್ ತಿರುಗಿಸಿದೆ. ಒಂದು ಕಡೆ ಸಲೀಸು. ಇನ್ನೊಂದು ಕಡೆ ಗಪ್ಪನೆ ನಿಂತಿತು. ಮತ್ತೆ ನಿಂತಿತು. ಬೆಂಡಿಕ್ಸ್ ಸರಿಯಿದೆ ಅಂತ ಅವರು ಪಕ್ಕಕ್ಕೆ ಇಡಲು ಹೋದರು, ನನಗೆ 'ಹತ್ತು ಸಲವಾದರೂ' ಅಂದಿದ್ದು ನೆನಪಾಯಿತು. ಆರನೇ ಸಲಕ್ಕೆ ಜಾರಿತು. ಬೆರಳ ತುದಿಗೆ ಚೆನ್ನಾಗಿ ಗೊತ್ತಾಯಿತು, ಒಂದು ಕ್ಷಣ ಕಚ್ಚಿದ ಹಾಗೆ ಮಾಡಿ, ಒಳಗೆ ಎಣ್ಣೆ ಸವರಿದ ಹಾಗೆ ನುಣ್ಣಗೆ ಜಾರಿಹೋಯಿತು. ಅವರೂ ಹಿಡಿದು ನೋಡಿ ತಲೆ ಆಡಿಸಿದರು.

ಸೆಲ್ಫ್ ತೆಗೆದ ತೂತಿನಿಂದ ಟಾರ್ಚ್ ಬಿಟ್ಟು ರಿಂಗ್ ಗೇರನ್ನೂ ನೋಡಿದೆವು. ಸ್ಪಾರ್ಕ್ ಪ್ಲಗ್ ತೆಗೆದು ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಶುರು ಮಾಡಿದ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಆ ಗುರುತು ವಾಪಸ್ ಬರುವ ತನಕ. ಎದುರುಬದುರು ಎರಡು ಕಡೆ ಹಲ್ಲಿನ ಅಂಚು ಹೊಳೆಯುತ್ತಿದೆ, ಆದರೆ ಮುರಿದಿಲ್ಲ, ಇನ್ನೂ ಸುಮಾರು ವರ್ಷ ಬರುತ್ತದೆ ಅಂದರು.

ಬೆಂಡಿಕ್ಸ್ ಶಿವಮೊಗ್ಗದಲ್ಲಿ ಸಿಕ್ಕಿತು. ಹಳೆಯದನ್ನು ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು, ಅಂಗಡಿಯವರು ಮೊದಲು ಕೊಟ್ಟಿದ್ದಕ್ಕೆ ಒಂದು ಹಲ್ಲು ಜಾಸ್ತಿ ಇತ್ತು. ಬಿಚ್ಚಿದ್ದೇವಲ್ಲ ಅಂತ ಕಾರ್ಬನ್ ಮತ್ತು ಬುಶ್ ಕೂಡ ಹೊಸದು ಹಾಕಿಸಿದೆ. ಎಲ್ಲ ಸೇರಿ ಇಡೀ ಸೆಲ್ಫ್‌ಗೆ ಹೇಳಿದ್ದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಜಡಿಮಳೆ, ಮೊದಲನೇ ಸಲಕ್ಕೇ ಹಿಡಿಯಿತು.

ಒಂದೇ ಪ್ರಶ್ನೆ ಉಳಿದಿದೆ. ಶಾಫ್ಟಿನ ತೋಡಿಗೆ ಅವರು ಗ್ರೀಸ್ ತುಂಬಾ ಕಡಿಮೆ ಹಚ್ಚಿದರು, ಬೆರಳಿಗೆ ಅಂಟಿದಷ್ಟು ಮಾತ್ರ. ಸಾಕಾಗುತ್ತದಾ?

ವೈಂಡಿಂಗ್ ಅಂಗಡಿ (ದಾವಣಗೆರೆ):

ಸಾಕು ಸರ್, ಸರಿಯಾಗಿಯೇ ಮಾಡಿದ್ದಾರೆ. ಜಾಸ್ತಿ ಹಚ್ಚಿದರೆ ಕ್ಲಚ್ ಧೂಳು ಅಂಟಿ ಮೇಣ ಆಗುತ್ತದೆ, ಪಿನಿಯನ್ ಮುಂದೆ ಹೋಗುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಆರನೇ ಸಲಕ್ಕೆ ಜಾರಿದ್ದನ್ನು ನೀವು ಹಿಡಿದಿರಲ್ಲ, ನನಗೆ ತುಂಬಾ ಖುಷಿಯಾಯಿತು. ಹಳೇ ಬ್ಯಾಟರಿಯನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದೀರಾ? ಇನ್ನೂ ಅಲ್ಲೇ ಇದ್ದರೆ ವಾಪಸ್ ಕೇಳಿ ತನ್ನಿ, ಚಾರ್ಜ್ ಮಾಡಿ ಲೋಡ್ ಟೆಸ್ಟ್ ಮಾಡಿಸಿ. ಸರಿಯಿದ್ದರೆ ತೋಟದ ಸ್ಪ್ರೇಯರಿಗೋ ಮನೆ ದೀಪಕ್ಕೋ ಬರುತ್ತದೆ.